ಹೊಲಿಗೆ ಮೇಷ್ಟ್ರ ಕ್ಷಮಾಪಣೆ

ರಾದ್ಧಾಂತಕ್ಕೆಲ್ಲ ಮೂಲ ಮೂರು ಪದ. ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಹೊಲಿಗೆ ಮೇಷ್ಟ್ರು, ಆನ್‌ಲೈನ್ ಕ್ಲಾಸಿನ ವಿದ್ಯಾರ್ಥಿನಿಯೊಬ್ಬರು ಕಳಿಸಿದ್ದ ಅಂಗಿಯ ಫೋಟೋ ನೋಡಿ ಎಡಗೈಯಲ್ಲೇ ಉತ್ತರ ಕುಟ್ಟಿದರು: ‘ಕತ್ತು ಸರಿಯಿಲ್ಲ. ಕತ್ತರಿಸಿ.’

ವಿದ್ಯಾರ್ಥಿನಿಯೆಂದರೆ ಅರವತ್ತು ದಾಟಿದ ನಿವೃತ್ತ ಹೆಡ್‌ಮಿಸ್. ದಿನಕ್ಕೆ ಹತ್ತು ಪ್ರಶ್ನೆ ಕೇಳುವವರು ಅಂದು ಮಧ್ಯಾಹ್ನವಾದರೂ ತುಟಿಪಿಟಕ್ಕೆನ್ನಲಿಲ್ಲ. ಮೇಷ್ಟ್ರು ಐದು ನಿಮಿಷಕ್ಕೊಮ್ಮೆ ಫೋನು ತೆಗೆದು ನೋಡತೊಡಗಿದರು. ಕ್ಲಾಸಿನಲ್ಲಿದ್ದವರೇ ಆರು ಜನ. ಒಬ್ಬರು ಬಿಟ್ಟರೂ ಮುಚ್ಚುತ್ತೇವೆಂದು ತರಬೇತಿ ಕೇಂದ್ರದವರು ಹೇಳಿಯಾಗಿತ್ತು.

ಹೆಂಡತಿ ಫೋನು ಇಸಿದುಕೊಂಡು ಓದಿದಳು. “ಇದು ಪಾಠ ಅಲ್ಲ ರೀ, ಬೆದರಿಕೆ ಪತ್ರ. ಪೊಲೀಸರು ಓದಿದ್ರೆ ನಿಮ್ಮನ್ನೇ ಕರ್ಕೊಂಡು ಹೋಗ್ತಾರೆ.”

ಪೇಪರ್ ಕೇಳಲು ಬಂದಿದ್ದ ಪಕ್ಕದ ಮನೆಯ ಪೋಸ್ಟ್‌ಮಾಸ್ಟರು, ದೊಡ್ಡವರ ತಪ್ಪನ್ನು ಬೆಣ್ಣೆಯಿಂದ ಕೂದಲು ತೆಗೆದಂತೆ ತೆಗೆಯಬೇಕೆಂದು ಕುರ್ಚಿ ಎಳೆದು ಕೂತೇಬಿಟ್ಟರು. ‘ಪರಮಪೂಜ್ಯರೇ’ ಎಂದು ಶುರುಮಾಡಿ ‘ತಮ್ಮ ಪಾದಧೂಳಿ’ ಎಂಬಲ್ಲಿಗೆ ಮುಗಿಯುವ ಕ್ಷಮಾಪಣೆ ಬರೆಸಿದರು. ಹೆಂಡತಿ ಧೂಳಿ ಅಳಿಸಿ ಮೂರು ಗುಲಾಬಿ ಇಮೋಜಿ ಸೇರಿಸಿದಳು. ಸುಮ್ಮನೆ ಒಂದು ಫೋನ್ ಮಾಡಿ ಕೇಳಬಾರದೇ ಎಂದು ಒಳಗಿನಿಂದ ಅತ್ತೆ ಅಂದದ್ದು ಯಾರ ಕಿವಿಗೂ ಬೀಳಲಿಲ್ಲ.

ಗಡಿಬಿಡಿಯಲ್ಲಿ ಮೇಷ್ಟ್ರು ಅದನ್ನು ಇಡೀ ಕ್ಲಾಸಿನ ಗುಂಪಿಗೇ ಕಳಿಸಿದರು. ಮರುಕ್ಷಣವೇ ಬ್ಯಾಂಕಿನ ವಾಚ್‌ಮನ್ ಕೇಳಿದ: “ನನ್ನ ಜೇಬನ್ನ ನಾಯಿ ಕಿವಿ ಅಂದಿದ್ರಲ್ಲ ಸಾರ್, ನನಗೆ ಗುಲಾಬಿ ಇಲ್ವಾ?” ಉಳಿದವರಿಗೂ ಹಳೆಯ ಗಾಯಗಳೆಲ್ಲ ನೆನಪಾದವು. ಸಂಜೆಯವರೆಗೆ ಮೇಷ್ಟ್ರು ಒಬ್ಬೊಬ್ಬರಿಗೂ ಕ್ಷಮೆ ಕೇಳುತ್ತ, ಹೂ ಹಂಚುತ್ತ ಕೂತರು.

ಕ್ಲಾಸು ಶುರುವಾದಾಗ ಅವರ ಬಾಯಲ್ಲಿ ಜೇನು ಬಿಟ್ಟರೆ ಬೇರೇನಿಲ್ಲ. ಒಂದು ತೋಳು ಮೊಣಕೈಗೂ ಇನ್ನೊಂದು ಮಣಿಕಟ್ಟಿಗೂ ಬಂದಿದ್ದ ಒಬ್ಬರ ಅಂಗಿಯನ್ನು ಹೊಸ ಫ್ಯಾಷನ್ ಎಂದು ಹೊಗಳಿದರು. ಅಷ್ಟರಲ್ಲಿ ಹೆಡ್‌ಮಿಸ್ ಮುಖ ಪರದೆಯ ಮೇಲೆ ಮೂಡಿತು. ಬೆಳಿಗ್ಗೆಯಿಂದ ಫೋನು ಪಕ್ಕಕ್ಕಿಟ್ಟು ಮೇಷ್ಟ್ರು ಹೇಳಿದಂತೆ ಕತ್ತರಿಸಿ ಹೊಲಿಯುತ್ತಿದ್ದರಂತೆ. ಕ್ಷಮಾಪಣೆ ಓದಿದ್ದು ಈಗಷ್ಟೇ ಅಂತೆ. ಅಂಗಿ ಎತ್ತಿ ತೋರಿಸಿದರು.

“ಅದ್ಭುತ ಮೇಡಂ,” ಎಂದರು ಮೇಷ್ಟ್ರು.

ಹೆಡ್‌ಮಿಸ್ ಕನ್ನಡಕ ತೆಗೆದರು. “ಮೂವತ್ತೈದು ವರ್ಷ ಸ್ಕೂಲಲ್ಲಿ ಎಲ್ಲರೂ ನನಗೆ ಹೆದರಿ ‘ಅದ್ಭುತ’ ಅಂದವರೇ. ತಪ್ಪನ್ನ ತಪ್ಪು ಅಂತ ಹೇಳಿದ್ದು ನೀವೊಬ್ಬರೇ. ಈಗ ನೀವೂ ಹೆದರಿಬಿಟ್ರಿ. ನಾನು ಇನ್ಯಾರ ಹತ್ರ ಕಲೀಲಿ?”

ಕೈ ಮುಗಿದು ಕ್ಲಾಸು ಬಿಟ್ಟು ಹೋದರು.

ಅಂಗಿಯ ಕತ್ತು ನಿಜಕ್ಕೂ ಅದ್ಭುತವಾಗಿತ್ತು. ಆ ದಿನ ಮೇಷ್ಟ್ರು ಆಡಿದ ಹೊಗಳಿಕೆಯಲ್ಲಿ ಸತ್ಯವಾದದ್ದು ಅದೊಂದೇ.