ಸ್ನೇಹಲಳಿಗೆ ನಾನು ಈಜು ಕಲಿಸಿದ್ದು

ಮೊದಲೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಮೊದಲಿನಿಂದಲೂ ಸೊಟ್ಟ. ಇವತ್ತಂತೂ ಬೆರಳುಗಳು ನೀರಲ್ಲಿ ನೆನೆದು ಸುಕ್ಕಾಗಿವೆ. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳು, ಒಳ್ಳೆಯ ಪದಗಳೂ ಗೊತ್ತಿಲ್ಲ. ಬೆರಳು ಏಕೆ ನೆನೆದವು ಎಂಬುದನ್ನು ಮಾತ್ರ ಏನೂ ಬಿಡದೆ ಬರೆಯುತ್ತೇನೆ.

ಅಲಖನೂರಿನಲ್ಲಿ ನಮ್ಮ ಮನೆ ಕಬ್ಬಿನ ತೋಟದಲ್ಲಿದೆ. ಅಂಗಳ ಮುಗಿದಲ್ಲಿ ಮೆಟ್ಟಿಲಿಳಿಯುವ ಬಾವಿ; ಬಾವಿಗೆ ಕಟ್ಟೆಯಿಲ್ಲ. ಹೋದ ವಾರ ನನ್ನ ತಂಗಿ ಸ್ನೇಹಲ (ವಯಸ್ಸು ಏಳು, ಬಾಯಿಗೆ ಎಪ್ಪತ್ತು) ಕಪ್ಪೆ ನೋಡಲು ಅದರ ಅಂಚಿನಲ್ಲಿ ಬಗ್ಗಿ ನಿಂತಿದ್ದಳು. ಅಪ್ಪ ನೋಡಿಬಿಟ್ಟರು.

"ಈಕಿ ಈಸಾಕ ಕಲಿಯೂ ಮಟಾ ಕುಡಚ್ಯಾಗ ಮಾವಶಿ ಮನ್ಯಾಗ ಇರಲಿ!"

ಅಪ್ಪನಿಗೆ ಸೊಂಟನೋವು, ತಾವೇ ಈಜು ಕಲಿಸಲಾರರು. ಸ್ನೇಹಲ ಕುಡಚಿಯ ಚಿಕ್ಕಮ್ಮನ ಮನೆಗೆ ಹೋದರೆ ನನ್ನೊಡನೆ ಮಾತಾಡುವವರೇ ಇಲ್ಲ. (ನಾನಾಗಿ ಯಾರನ್ನೂ ಮಾತಾಡಿಸಲಾರೆ.)

"ಅಪ್ಪಾ, ನಾ ಕಲಸ್ತೀನಿ," ಎಂದುಬಿಟ್ಟೆ.

ನಿನಗೆ ಈಜು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಕೇಳದ್ದನ್ನು ಹೇಳುವ ಅಭ್ಯಾಸ ನನಗಿಲ್ಲ. ಬಟ್ಟೆ ಒಗೆಯುತ್ತ ಮೂರು ಬೇಸಿಗೆ ಹುಡುಗರು ಈಜುವುದನ್ನು ನೋಡಿದ್ದೇನೆ, ಸಾಲದೆ?

ತಯಾರಿಯಲ್ಲಿ ಕೊರತೆ ಮಾಡಲಿಲ್ಲ. ಖಾಲಿ ಎಣ್ಣೆ ಡಬ್ಬಿಯನ್ನು ಒಂದು ದಿನವಿಡೀ ದನದ ತೊಟ್ಟಿಯಲ್ಲಿ ಮುಳುಗಿಸಿಟ್ಟು, ಮುಚ್ಚಳ ಸೋರುವುದಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಅದನ್ನು ಸ್ನೇಹಲಳ ಬೆನ್ನಿಗೆ ಏಳು ಗಂಟು ಹಾಕಿ ಕಟ್ಟಿದೆ. ಅವಳ ಸೊಂಟಕ್ಕೆ ಹಗ್ಗ. ನಮ್ಮ ಕಡೆ ಹಗ್ಗದ ಇನ್ನೊಂದು ತುದಿಯನ್ನು ಕಲಿಸುವವರು ಕೈಯಲ್ಲಿ ಹಿಡಿಯುತ್ತಾರೆ. ಕೈ ಜಾರಿದರೆ? ಹಾಗಾಗಿ ನನ್ನ ಸೊಂಟಕ್ಕೇ ಕಟ್ಟಿಕೊಂಡೆ. ಅದಕ್ಕೂ ಏಳು ಗಂಟು.

ಇವತ್ತು ಬೆಳಿಗ್ಗೆ ನೀರಿನ ಪಕ್ಕದ ಮೆಟ್ಟಿಲ ಮೇಲೆ ನಿಂತು ಉಪದೇಶ ಮಾಡಿದೆ: "ಗಾಬರಿ ಆಗಬಾರದು. ಬಾಯಿ ತೆಗೀಬಾರದು. ಕಾಲ ಬಡೀಬೇಕು. ಈಗ ನಿಧಾನಕ ಒಂದ ಕಾಲ..."

"ಅಕ್ಕಾ, ಎಷ್ಟ ಮಾತಾಡ್ತಿ ಬೇ!" ಎಂದು ಸ್ನೇಹಲ ಹಾರಿದಳು.

ಹಗ್ಗ ಬಿಗಿಯಿತು. ಮೆಟ್ಟಿಲ ಮೇಲೆ ಪಾಚಿ. ಮುಂದೆ ಬರೆಯಲು ನಾಚಿಕೆ. ಸ್ನೇಹಲ ಬೆಂಡಿನಂತೆ ತೇಲಿದಳು. ಗುರುಗಳು ಬೀಸುವ ಕಲ್ಲಿನಂತೆ ಒಳಗಿಳಿದರು. ಮೇಲೆ ಬಂದಾಗ ಬಾಯಿ ತೆಗೆದಿದ್ದೆ, ಗಾಬರಿಯೂ ಆಗಿತ್ತು.

"ಅಕ್ಕಾ, ಬಾಯಿ ಮುಚ್ಚ! ಕಾಲ ಬಡಿ!" ಎಂದು ನನ್ನ ಪಾಠವನ್ನೇ ನನಗೆ ಒಪ್ಪಿಸುತ್ತ ಅವಳು ಪಟಪಟ ಕಾಲು ಬಡಿದು ಮೆಟ್ಟಿಲಿಗೆ ಹೋಗಿ ಕುಳಿತು, ಹಗ್ಗ ಹಿಡಿದು ನನ್ನನ್ನು ಎಳೆದುಕೊಂಡಳು.

ಕೂಗು ಕೇಳಿ ಅಪ್ಪ ಸೊಂಟ ಹಿಡಿದುಕೊಂಡೇ ಓಡಿ ಬಂದರು. ಹಿಂದೆ ನಮ್ಮ ಅಜ್ಜಿ ರುಕ್ಮವ್ವ.

"ಯಾರ ಯಾರಿಗೆ ಕಲಸಾಕತ್ತೀರಿ?" ಅಪ್ಪ ಹಗ್ಗದ ಎರಡೂ ತುದಿ ನೋಡಿದರು. "ನಿನಗ ಈಸಾಕ ಬರೂದಿಲ್ಲೇನ?"

"ನೀ ಕೇಳಲಿಲ್ಲಪಾ."

ಅಜ್ಜಿ ಗಂಟು ಬಿಚ್ಚಲು ಹೋಗಿ ಸೋತಳು. "ಏನ ಗಂಟವ್ವ ಇದು! ಮದವಿ ಗಂಟಾದರೂ ಬಿಚ್ಚೀತು." ಕೊನೆಗೆ ಅಪ್ಪ ಕುಡಗೋಲು ತಂದು ಹಗ್ಗ ಕೊಯ್ದರು.

ಅಪ್ಪ ತೀರ್ಪು ಕೊಟ್ಟರು: "ಸ್ನೇಹಲ ಇಲ್ಲೇ ಇರಲಿ. ಈಸಾಕ ಕಲಿಯೂ ಮಟಾ ದೊಡ್ಡಾಕೀನ್ನ ಕುಡಚಿಗೆ ಕಳಸೂಣು."

ಐದು ದಿನ ಅವಕಾಶ ಬೇಡಿ ಪಡೆದಿದ್ದೇನೆ. ನಾಳೆ ಬೆಳಿಗ್ಗೆ ಡಬ್ಬಿಯನ್ನು ನನ್ನ ಬೆನ್ನಿಗೆ ಕಟ್ಟಿಕೊಂಡು ಬಾವಿಗೆ ಇಳಿಯುತ್ತೇನೆ. ಹಗ್ಗ ಸ್ನೇಹಲಳ ಕೈಯಲ್ಲಿ ಇರುತ್ತದೆ, ಸೊಂಟದಲ್ಲಲ್ಲ.