ಬಾಯಿಂದ ಒತ್ತಿದ ಬ್ರೇಕು

ಬಾಂದ್ರಾದ ‘ಸುವಾಣಿ ಮೋಟಾರ್ ಡ್ರೈವಿಂಗ್ ಸ್ಕೂಲ್’ನ ಘನತೆವೆತ್ತ ಪ್ರಾಂಶುಪಾಲರ ಸನ್ನಿಧಿಗೆ,

ಮಾನ್ಯರೇ,

ಬಾಂದ್ರಾದ ಉಡುಪಿ ಹೋಟೆಲೊಂದರಲ್ಲಿ ಇಪ್ಪತ್ತೆಂಟು ವರ್ಷ ಆರ್ಡರ್ ತೆಗೆದುಕೊಂಡು ಬಾಗಿದ ಬೆನ್ನನ್ನು ಇನ್ನೂ ಸ್ವಲ್ಪ ಬಗ್ಗಿಸಿ, ಕಾಂದಿವಲಿಯ ಚಾಳಿನಿಂದ ಸದಾನಂದನೆಂಬ ತಮ್ಮ ಹಳೆಯ ವಿದ್ಯಾರ್ಥಿ ಮಾಡುವ ನಮಸ್ಕಾರಗಳು. ತಾವೂ ತಮ್ಮ ಲ್ಯಾಮಿನೇಷನ್ ಮಷೀನೂ ಕ್ಷೇಮವೆಂದು ನಂಬಿದ್ದೇನೆ. ಕಾರಿನ ಕ್ಷೇಮ ಕೇಳುವುದಿಲ್ಲ. ಅದಕ್ಕೆ ನೋವಾಗುವಷ್ಟು ಹೊತ್ತು ತಾವು ಅದನ್ನು ಯಾರ ಕೈಗೂ ಕೊಡುವವರಲ್ಲ.

ನಾನು ತಮ್ಮಲ್ಲಿಗೆ ಬಂದದ್ದು ಶೋಕಿಗಲ್ಲ. ಹೋಟೆಲಿದ್ದ ಬಿಲ್ಡಿಂಗ್ ಒಡೆಯುವುದೆಂದಾದ ಮೇಲೆ ನಮ್ಮ ಮಾಲಕರಾದ ಚೆನ್ನಯಣ್ಣ ಹಿಂದಿನ ಗಲ್ಲಿಯಲ್ಲಿ ಬರೇ ಅಡುಗೆಮನೆ ಇಟ್ಟುಕೊಂಡು, ಊಟ-ತಿಂಡಿಯನ್ನು ವ್ಯಾನಿನಲ್ಲಿ ಮನೆಮನೆಗೆ ಕಳಿಸಲು ನಿಶ್ಚಯಿಸಿದರು. “ಸದಾನಂದಾ, ಇನ್ನು ಟೇಬಲ್ ಇಲ್ಲ ಮಾರಾಯ, ವ್ಯಾನ್ ಉಂಟು. ಬರುವ ತಿಂಗಳ ಕೊನೆಯೊಳಗೆ ಲೈಸೆನ್ಸ್ ತಂದ್ರೆ ಅದು ನಿಂಗೆ, ಇಲ್ಲದಿದ್ರೆ ಊರಿನ ಬಸ್ಸು ಉಂಟು” ಎಂದರು. ಐವತ್ತೆರಡನೆಯ ವಯಸ್ಸಿನಲ್ಲಿ ಬೇರೆ ಹೋಟೆಲಿನವರು ನನ್ನನ್ನು ಗಿರಾಕಿಯಾಗಿ ಮಾತ್ರ ಒಳಗೆ ಬಿಟ್ಟುಕೊಂಡಾರು. ಹೆದರಿಕೆಯಾಗಿ ತಮ್ಮ ಕಾಲಿಗೆ ಬಿದ್ದೆ.

ತಾವು ಕೀಲಿ ಕೊಡಲಿಲ್ಲ, ಪುಸ್ತಿಕೆ ಕೊಟ್ಟಿರಿ: ಕಾರು ಕಲಿಯುವವರಿಗೆ ಇನ್ನೂರ ನಲವತ್ತು ಇಂಗ್ಲಿಷ್ ಪದಗಳು ಮತ್ತು ನುಡಿಗಟ್ಟುಗಳು. ಮುಂಬಯಿಯಲ್ಲಿ ಗಾಡಿ ಓಡುವುದು ಪೆಟ್ರೋಲಿನಿಂದಲ್ಲ, ಇಂಗ್ಲಿಷಿನಿಂದ ಎಂಬ ತಮ್ಮ ಮೊದಲ ದಿನದ ಭಾಷಣಕ್ಕೆ ನಾನೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು. ಹದಿನೆಂಟು ದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ‘ಬ್ಲೈಂಡ್ ಸ್ಪಾಟ್’, ‘ಗಿವ್ ವೇ’, ‘ಥ್ರೀ ಪಾಯಿಂಟ್ ಟರ್ನ್’ ಎಂದು ಮಗ್ಗಿಯಂತೆ ಒಪ್ಪಿಸಿದೆವು. ‘ಹಿಟ್ ದ ರೋಡ್’ ಎಂದರೆ ಹೊರಡುವುದು ಎಂದು ಬರೆದುಕೊಂಡೆವು, ಹೊರಡಲಿಲ್ಲ. ಹೊರಗೆ ಕಾರು ಮುಸುಕು ಹೊದ್ದು ಮಲಗಿತ್ತು, ಅದರ ಮೇಲೆ ಕಾಗೆಗಳು ಸಂಸಾರ ಹೂಡಿದ್ದವು. ಕ್ಲಚ್ಚಿನ ಸ್ಪೆಲ್ಲಿಂಗ್ ನನಗೆ ಕ್ಲಚ್ಚಿಗಿಂತ ಮೊದಲೇ ಪರಿಚಯವಾಯಿತು. ಇಂಥ ವಿದ್ಯೆ ಇನ್ಯಾವ ಗುರುಕುಲದಲ್ಲಿ ಸಿಕ್ಕೀತು, ತಾವೇ ಹೇಳಿ.

ಹತ್ತೊಂಬತ್ತನೆಯ ದಿನ ಕಾಗೆಗಳನ್ನು ಎಬ್ಬಿಸಿ ನನ್ನನ್ನು ಕೂರಿಸಲಾಯಿತು. ನಮ್ಮ ಹೋಟೆಲುಗಳ ರಿವಾಜು ತಮಗೆ ತಿಳಿಯದ್ದೇನಲ್ಲ: ಗಿರಾಕಿ ಹೇಳಿದ್ದನ್ನು ನಾವು ಒಳಗಿನ ಭಟ್ಟರಿಗೆ ಕೇಳುವಂತೆ ಗಟ್ಟಿಯಾಗಿ ಕೂಗಬೇಕು, ಅಲ್ಲಿಗೆ ನಮ್ಮ ಕೆಲಸ ಮುಗಿಯಿತು, ಉಳಿದದ್ದು ಒಳಗೆ ಆಗುತ್ತದೆ. ಪಕ್ಕದಲ್ಲಿ ಕೂತ ತಮ್ಮ ಪ್ರಶಾಂತ ಮಾಸ್ತರರು ‘ಬ್ರೇಕ್’ ಎಂದಾಗ ಆ ಅಭ್ಯಾಸಬಲದಿಂದ ‘ಬ್ರೇಕ್ ಒಂದೂ’ ಎಂದು ಕೂಗಿದೆ. ಕಾರು ನಿಂತಿತು. ಉಚ್ಚಾರ ಬಹಳ ಸ್ಪಷ್ಟವೆಂದು ಮಾಸ್ತರರು ಬೆನ್ನು ತಟ್ಟಿದರು. ಅವರ ಕಾಲಡಿಯಲ್ಲಿ ಇನ್ನೊಂದು ಜೋಡಿ ಪೆಡಲುಗಳಿದ್ದವೆಂದೂ, ಭಟ್ಟರ ಕೆಲಸ ಮಾಡುತ್ತಿದ್ದವರು ಅವರೇ ಎಂದೂ ತಮ್ಮ ಪುಸ್ತಿಕೆಯಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಇಪ್ಪತ್ತೊಂದನೆಯ ದಿನ ಲ್ಯಾಮಿನೇಟ್ ಮಾಡಿದ ‘ಡಿಸ್ಟಿಂಕ್ಷನ್’ ಪ್ರಮಾಣಪತ್ರ ಸಿಕ್ಕಿತು.

ಟೆಸ್ಟಿನ ದಿನ ಆರ್‌ಟಿಓ ಅಧಿಕಾರಿಗಳು ಮಾಸ್ತರರನ್ನು ಕೆಳಗಿಳಿಸಿ, ಹಿಂದಿನ ಸೀಟಿನಲ್ಲಿ ಕೂತರು. ಹೊರಡಿಸುವುದೊಂದನ್ನು ಹೇಗೋ ಕಲಿತಿದ್ದೆನಾಗಿ ಹೊರಡಿಸಿದೆ. ಅವರು ‘ಬ್ರೇಕ್’ ಎಂದರು. ನಾನು ‘ಬ್ರೇಕ್ ಒಂದೂ’ ಎಂದು ಕೂಗಿ, ಎರಡೂ ಪಾದ ಚಾಪೆಯ ಮೇಲೆ ಮಡಗಿ ಭಕ್ತಿಯಿಂದ ಕಾದೆ. ಕಾರು ಡ್ರಮ್ಮುಗಳ ಸಾಲನ್ನೂ ಅಧಿಕಾರಿಗಳ ಚಹಾ ಮೇಜನ್ನೂ ದಾಟಿ ಕಾಂಪೌಂಡಿಗೆ ಹೋಗಿ ಆತುಕೊಂಡಿತು. ಆ ಸಂಜೆ ಲೋಕಲ್ ರೈಲಿನಲ್ಲಿ ಸೀಟು ಸಿಕ್ಕಿದರೂ ಕಾಂದಿವಲಿಯವರೆಗೆ ನಿಂತೇ ಬಂದೆ, ಅಷ್ಟು ಅವಮಾನವಾಗಿತ್ತು.

ನನ್ನನ್ನು ಉಳಿಸಿದವರು ಪಕ್ಕದ ಖೋಲಿಯ ಬಂಡೆಪ್ಪನವರು, ಕಲಬುರಗಿ ಕಡೆಯ ಟೆಂಪೋ ಡ್ರೈವರ್, ಇಂಗ್ಲಿಷಿನ ಗಂಧಗಾಳಿ ಇಲ್ಲದವರು. ಪ್ರತಿದಿನ ಬೆಳಿಗ್ಗೆ ಇಂಡಸ್ಟ್ರಿಯಲ್ ಎಸ್ಟೇಟಿನ ಖಾಲಿ ರಸ್ತೆಗೆ ಕರೆದೊಯ್ದು, “ಬಾಯಿ ಮುಚ್ರಿ ಸದಾನಂದಣ್ಣ, ಕಾಲಿಗೆ ಕೆಲಸ ಹಚ್ರಿ” ಎಂದು ಗದರಿದರು. ಆದರೂ ನನ್ನ ಬಾಯಿ ನಿಲ್ಲದ್ದನ್ನು ಕಂಡು, ಬಾಯಿ ತುಂಬ ನೀರು ಹಿಡಿದುಕೊಂಡು ಗಾಡಿ ನಡೆಸಲು ಹೇಳಿದರು. ಮೊದಲ ದಿನ ಸ್ಟೇರಿಂಗೆಲ್ಲ ಒದ್ದೆಯಾಯಿತು. ಒಂಬತ್ತನೆಯ ದಿನ ನೀರು ಬಾಯಲ್ಲೇ ಉಳಿಯಿತು, ಗಾಡಿ ನಿಂತಿತು. ಚೆನ್ನಯಣ್ಣನ ಗಡುವು ಮುಗಿಯಲು ಎರಡು ದಿನವಿರುವಾಗ, ಕೆನ್ನೆ ಉಬ್ಬಿಸಿಕೊಂಡೇ ಹೋಗಿ ಪಾಸಾದೆ. ಹಲ್ಲುನೋವೇ ಎಂದು ಅಧಿಕಾರಿಗಳು ಕೇಳಿದರು, ತಲೆಯಾಡಿಸಿದೆ.

ಆದಕಾರಣ ತಮ್ಮಲ್ಲಿ ಸಣ್ಣ ಅರಿಕೆಗಳಿವೆ. ಎಸ್. ವಿ. ರೋಡಿನ ರಿಕ್ಷಾಗಳಿಗೂ, ಅಡ್ಡ ಬರುವ ಎಮ್ಮೆಗಳಿಗೂ, ಪ್ರತಿಯೊಂದು ಹೊಂಡಕ್ಕೂ ತಮ್ಮ ಪುಸ್ತಿಕೆಯ ಒಂದೊಂದು ಪ್ರತಿ ಹಂಚಿ, ಹದಿನೆಂಟು ದಿನ ಕುರ್ಚಿಯಲ್ಲಿ ಕೂರಿಸಿ, ನಾವು ‘ಗಿವ್ ವೇ’ ಎಂದೊಡನೆ ಅವು ಸರಿಯುವಂತೆ ಅನುಗ್ರಹಿಸಬೇಕು. ಅಲ್ಲಿಯವರೆಗೆ ಹೊಸ ಬ್ಯಾಚಿನವರಿಗೆ ಪುಸ್ತಿಕೆಯ ಬದಲು ಒಂದೊಂದು ಲೋಟ ನೀರನ್ನಾದರೂ ಕೊಡಿಸಬೇಕೆಂದು ಬೇಡಿಕೊಳ್ಳುವ,

ತಮ್ಮ ವಿಶ್ವಾಸಿ,
ಸದಾನಂದ
ವ್ಯಾನ್ ಚಾಲಕ

ಮರೆತ ಮಾತು: ಹೊಸ ಬ್ಯಾಚಿನ ಸ್ವಾಗತಕ್ಕೆಂದು ತಮ್ಮ ಸ್ಕೂಲಿನಿಂದ ಇಂದು ಬೆಳಿಗ್ಗೆ ಹನ್ನೆರಡು ಮಸಾಲೆ ದೋಸೆಯ ಆರ್ಡರ್ ಬಂದಿದೆ. ಅದನ್ನು ನಾನು ವ್ಯಾನಿನಲ್ಲಿ ಕೂತು, ತಾವು ಕಲಿಸಿದ ಸ್ಪಷ್ಟ ಇಂಗ್ಲಿಷಿನಲ್ಲಿ ಮೂರು ಸಲ ಗಟ್ಟಿಯಾಗಿ ಓದಿದ್ದೇನೆ. ತಮ್ಮ ಪದ್ಧತಿಯ ಪ್ರಕಾರ ದೋಸೆ ಇಷ್ಟರಲ್ಲಿ ತಮ್ಮ ಹೊಟ್ಟೆ ಸೇರಿರಬೇಕು.