ಗ್ರಹಕ್ಕೆ ಮೀಸೆ ಬಂದದ್ದು

“ಮೂಗು ಸ್ವಲ್ಪ ದಪ್ಪ ಆಯ್ತು ಅನ್ಸಲ್ವಾ, ಬಣ್ಣದಣ್ಣ?”

ಕೇಳಿದ್ದು ತಾರಾಲಯದ ಟಿಕೆಟ್ ಅಕ್ಕ. ಅವಳಿಗೆ ತನ್ನ ಕೌಂಟರಿಗಿಂತ ಬೇರೆಯವರ ಕೆಲಸದ ಮೇಲೇ ಕಣ್ಣು ಜಾಸ್ತಿ.

“ಗ್ರಹ ಅಂದ್ಮೇಲೆ ಮೂಗೂ ಅದಕ್ಕೆ ತಕ್ಕ ಹಾಗೇ ಇರ್ಬೇಕಮ್ಮ,” ಎಂದ ಬಣ್ಣದಣ್ಣ ಏಣಿಯ ಮೇಲಿನಿಂದ.

ದೂರದಲ್ಲೆಲ್ಲೋ ಹೊಸದಾಗಿ ಪತ್ತೆಯಾದ ಗ್ರಹವೊಂದನ್ನು ಗೋಡೆಯ ಮೇಲೆ ಬರೆಯುವ ಕೆಲಸ ಅವನದು. ಅದನ್ನು ಕಂಡುಹಿಡಿದ ವಿಜ್ಞಾನಿ ಮೇಡಮ್ಮೇ ಸಂಜೆ ನೋಡಲು ಬರುವವರಿದ್ದರು. ಅವರು ಮೆಚ್ಚಿದರೆ ಬಣ್ಣದಣ್ಣನ ದಿನಗೂಲಿ ಕೆಲಸ ಖಾಯಂ ಎಂದು ಮ್ಯಾನೇಜರು ಮಾತು ಕೊಟ್ಟಿದ್ದರು. ಬೆಳಿಗ್ಗೆ ಫೋನಿನಲ್ಲಿ ಗ್ರಹದ ಗುಣಲಕ್ಷಣಗಳನ್ನೂ ಓದಿ ಹೇಳಿದ್ದರು: ಅಲ್ಲಿ ಎರಡೇ ದಿನಕ್ಕೆ ಒಂದು ವರ್ಷ; ಕಬ್ಬಿಣ ಕರಗುವಷ್ಟು ಸೆಕೆ; ತನ್ನ ಸೂರ್ಯನಿಗೆ ಅದು ಯಾವಾಗಲೂ ಒಂದೇ ಮುಖ ತೋರಿಸುತ್ತದೆ.

ಮುಖ! ಬಣ್ಣದಣ್ಣ ಅಲ್ಲಿಗೇ ಫೋನಿಟ್ಟುಬಿಟ್ಟ. ಊರಿನ ಅರ್ಧ ಅಂಗಡಿ ಬೋರ್ಡುಗಳ ಮೇಲೆ ಮುಖ ಬರೆದವನಿಗೆ ಇನ್ನು ಕೇಳುವುದೇನಿದೆ?

“ಅಷ್ಟು ಸೆಕೇಲಿ ಹಲ್ಲು ಕಿರೀತಾ ಇದ್ಯಲ್ಲಯ್ಯಾ ಇದು? ಬೆವರು ಹಾಕು,” ಎಂದ ಕಾವಲುಗಾರ ತಾತ.

ಹಾಕಿದ.

“ಎರಡು ದಿನಕ್ಕೊಂದು ವರ್ಷ ಅಂದ್ರೆ ಇಷ್ಟು ಹೊತ್ತಿಗೆ ಮುದುಕ ಆಗಿರುತ್ತಣ್ಣ. ತಲೆ ಬೋಳು ಮಾಡು,” ಎಂದಳು ಅಕ್ಕ.

ಮಾಡಿದ.

“ಬೋಳುತಲೆಗೆ ಮೀಸೆ ಇದ್ರೇನೇ ಲಕ್ಷಣ!” ಎಂದ ತಾತ.

ಅದೂ ಬಂತು. ಮೂವರೂ ಹಿಂದೆ ಸರಿದು ನೋಡಿದರು. ಬೋಳುತಲೆ, ದಪ್ಪ ಮೂಗು, ಹಲ್ಲುಜ್ಜುವ ಬ್ರಶ್ಶಿನಂಥ ಮೀಸೆ, ಹಣೆ ತುಂಬ ಬೆವರು. ರಜೆ ಕೇಳಿದಾಗ ಹೇಗೆ ಕಾಣುತ್ತಾರೋ ಹಾಗೇ ಮ್ಯಾನೇಜರು ಗೋಡೆ ತುಂಬ ಕೂತಿದ್ದರು!

“ನಾನೇನೂ ನೋಡಿಲ್ಲಪ್ಪ,” ಎಂದು ತಾತ ಬಾಗಿಲಿಗೆ ಓಡಿದ. ಹೊರಗೆ ಕಾರು ನಿಂತ ಸದ್ದು. ಬಣ್ಣದಣ್ಣ ಕೈಗೆ ಸಿಕ್ಕ ಹಳದಿ ಡಬ್ಬಿ ಎತ್ತಿಕೊಂಡು ಮುಖವಿಡೀ ಬಳಿದುಬಿಟ್ಟ.

ಮ್ಯಾನೇಜರು ಮೇಡಮ್ಮನ್ನು ಒಳಗೆ ಕರೆತಂದಾಗ ಗೋಡೆಯ ಮೇಲೆ ಇದ್ದದ್ದು ಒಂದು ಹಳದಿ ವೃತ್ತ. ಅದರಲ್ಲಿ ಒಂದು ಕಪ್ಪು ಚುಕ್ಕೆ.

“ಏನ್ರೀ ಇದು?” ಮ್ಯಾನೇಜರ ಮೀಸೆ ಅದುರಿತು.

“ಆಹಾ!” ಎಂದರು ಮೇಡಂ. “ಆ ಗ್ರಹವನ್ನ ನಾವ್ಯಾರೂ ಕಣ್ಣಾರೆ ಕಂಡಿಲ್ಲ ಕಣ್ರೀ. ತನ್ನ ಸೂರ್ಯನ ಮುಂದೆ ಅದು ಹಾದುಹೋದಾಗ ಬೆಳಕು ಒಂಚೂರು ಮಂಕಾಗುತ್ತೆ. ಹಾಗೇ ಅದು ಸಿಕ್ಕಿದ್ದು. ಎಲ್ಲರೂ ನೀಲಿ ಸಮುದ್ರ, ಹಸಿರು ಕಾಡು ಅಂತ ಕಲ್ಪನೆ ಮಾಡ್ಕೊಂಡು ಬರೀತಾರೆ. ಇವರು ನೋಡಿ, ಸೂರ್ಯ, ಚುಕ್ಕೆ, ಅಷ್ಟೇ!”

ಯಾವ ಚುಕ್ಕೆ ಎಂದು ಬಣ್ಣದಣ್ಣನಿಗೆ ತಿಳಿಯಲಿಲ್ಲ. ಆದರೂ ಎದೆ ಉಬ್ಬಿಸಿದ. “ಇಂಥ ಚುಕ್ಕೆ ಇಡೋಕೆ ಪಳಗಿದ ಕೈ ಬೇಕು ಮೇಡಂ.”

ಮ್ಯಾನೇಜರು ಖುಷಿಯಿಂದ ಖಾಯಂ ಆದೇಶ ತೆಗೆದು ಪೆನ್ನು ಬಿಚ್ಚಿದರು. ಅಷ್ಟರಲ್ಲಿ ಚುಕ್ಕೆ ಹಳದಿಯ ಮೇಲೆ ಮೆಲ್ಲಗೆ ಸರಿಯತೊಡಗಿತು.

“ಅರೆ, ಚಲಿಸುತ್ತೆ ಕೂಡ!”

“ಅದೇ ಕೈಚಳಕ ಮೇಡಂ.”

ಅಂಚು ಮುಟ್ಟಿದ ಗ್ರಹ ಹಳದಿ ಕಾಲುಗಳನ್ನು ಒದರಿ, ರೆಕ್ಕೆ ಬಿಚ್ಚಿ, ಗುಂಯ್ ಎಂದು ಹಾರಿತು.

“ಎಲ್ಲಿ ಹೋಯ್ತ್ರೀ?” ಮ್ಯಾನೇಜರು ಸುತ್ತಲೂ ನೋಡಿದರು.

“ನಿಮ್ಮ ಮೂಗಿನ ಮೇಲಿದೆ ಸಾರ್,” ಎಂದಳು ಟಿಕೆಟ್ ಅಕ್ಕ.

ಗೋಡೆಯ ಮೇಲಿನ ಹಸಿ ಹಳದಿ ಜಾರಿ ಇಳಿಯುತ್ತ, ಅಡಿಯಿಂದ ಮೀಸೆ ಮೂಡತೊಡಗಿತ್ತು. ಮ್ಯಾನೇಜರು ಒಮ್ಮೆ ಅದನ್ನು ನೋಡಿದರು, ಒಮ್ಮೆ ತಮ್ಮ ಮೀಸೆ ಮುಟ್ಟಿಕೊಂಡರು. ಆಮೇಲೆ ಟಕ್ಕೆಂದು ಪೆನ್ನಿನ ಮುಚ್ಚಳ ಹಾಕಿದರು.